ಬಾವಿಕಟ್ಟೆಗೆ ಅಂಟಿಸಿದ ಶ್ರದ್ಧಾಂಜಲಿ ಪೇಜು

ಮಲ್ಪೆ ಬಂದರಲ್ಲಿ ಗರುಡನ ಫೋಟೋ ತೆಗಿಲಿಕ್ಕೆ ದೊಡ್ಡ ಕಷ್ಟ ಎಂತ ಇಲ್ಲ, ಬೋಟಿನಿಂದ ಮೀನು ಇಳಿಸುವ ಹೊತ್ತಿಗೆ ಹೋದ್ರೆ ತಲೆ ಮೇಲೆಯೇ ಸುತ್ತು ಹಾಕ್ತಾ ಇರ್ತವೆ. ನನಗೆ ಮಾತ್ರ ಅಲ್ಲಿ ದೂರದ ಬೋಟಿನ ಕಂಬದ ಮೇಲೆ ಕೂತದ್ದೇ ಬೇಕು. ಅದಕ್ಕೆ ದೋಸ್ತಿಯ 1.4 ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ಮಧ್ಯೆ ಕೂತು ಚಿತ್ರವನ್ನು 1.4 ಪಟ್ಟು ದೊಡ್ಡದು ಮಾಡುವ ಸಣ್ಣ ಲೆನ್ಸು) ತಂದು ನನ್ನ 150-600 ಎಂಎಂ ಜೂಮ್ ಲೆನ್ಸಿಗೆ ಸಿಕ್ಕಿಸಿದ್ದು. 600 ಇದ್ದದ್ದು 840 ಆಯ್ತು, ಎಫ್ 6.3 ಇದ್ದದ್ದು ಎಫ್ 9 ಆಯ್ತು, ಅಂದ್ರೆ ಬೆಳಕು ಅರ್ಧಕ್ಕರ್ಧ ಮಾಯ, ಫೋಕಸ್ಸು ಬಸ್ಸಿನ ವೈಪರ್ ಹಾಗೆ ಆಚೆ ಈಚೆ. ಮನೆಗೆ ಬಂದು ನೋಡಿದ್ರೆ ಗರುಡ ಒದ್ದೆ ಹತ್ತಿಯ ಉಂಡೆ. ದೋಸ್ತಿ ಹೇಳಿದ, "ಕನ್ವರ್ಟರಿಗೆ ಎಂತಕ್ಕೆ ಬೈಯ್ಯುದು ಮಾರಾಯ, ನಿನ್ನ ಲೆನ್ಸಿನ ಹುಳುಕನ್ನೂ ಅದು 1.4 ಪಟ್ಟು ದೊಡ್ಡದು ಮಾಡಿ ತೋರಿಸ್ತದೆ."

ಇಎಂಐ ಇನ್ನೂ ಮುಗಿಯದ ಲೆನ್ಸಿಗೆ ಹೀಗೆ ಹೇಳಿದ್ರೆ ಯಾರಿಗಾದ್ರೂ ಉರಿಯುದಿಲ್ವಾ! ಟೆಸ್ಟ್ ಮಾಡಿಯೇ ಬಿಡುವ ಅಂತ ಪೇಪರಿನ ಶ್ರದ್ಧಾಂಜಲಿ ಪೇಜನ್ನು ಬಾವಿಕಟ್ಟೆಗೆ ಅಂಟಿಸಿದೆ (ಸಣ್ಣ ಅಕ್ಷರ, ಮೀಸೆ, ಕನ್ನಡಕ ಎಲ್ಲ ಒಂದೇ ಕಡೆ ಬೇರೆಲ್ಲಿ ಸಿಗ್ತದೆ ಹೇಳಿ), 25 ಮೀಟರ್ ದೂರದ ಟೆರೇಸಲ್ಲಿ ಟ್ರೈಪಾಡ್ ಇಟ್ಟೆ. ಟೈಮು ಬೆಳಿಗ್ಗೆ 11. ಎಸಿ ರೂಮಿಂದ ತಂದ ಲೆನ್ಸು ಉಡುಪಿಯ ಸೆಕೆಗೆ ಬಂದ ಕೂಡ್ಲೇ ಬೆವರಿತು, ಒರೆಸಿದಷ್ಟೂ ಮಂಜು. ಅದು ಹೋಗುವವರೆಗೆ ಕಾದು ತೆಗೆದ್ರೆ ಕನ್ವರ್ಟರ್ ಹಾಕಿದ್ರೂ ಬಿಟ್ರೂ ಅಕ್ಷರಗಳೆಲ್ಲ ಡ್ಯಾನ್ಸ್. ಮಧ್ಯದಲ್ಲಿ ದನದ ಕೊಟ್ಟಿಗೆಯ ಶೀಟಿನ ಮಾಡು, ಅದು ಕಾದು ಮೇಲಿನ ಗಾಳಿ ಕುದೀತಾ ಉಂಟು, ನಾನು ಒಂದು ಗಂಟೆ ಆ ಗಾಳಿಯ ಫೋಟೋ ತೆಗ್ದದ್ದು.

ಅಷ್ಟರಲ್ಲಿ ಆಚೆಮನೆ ಅಕ್ಕ ಬಾವಿ ಹತ್ರ ಬಂದು ಸೆರಗು ಬಾಯಿಗೆ ಹಿಡ್ಕೊಂಡು, "ಯಾರು ಹೋದದ್ದು? ಹುಷಾರಿರ್ಲಿಲ್ವಾ?" ನಾನು ಟೆಸ್ಟಿಂಗು, ಶಾರ್ಪ್‌ನೆಸ್ಸು ಅಂತೆಲ್ಲ ಹೇಳಿ ಮುಗಿಸುವಾಗ ಅವರು ಆಗ್ಲೇ ಎರಡು ಮನೆಗೆ ಫೋನು ಮಾಡಿ ಆಗಿತ್ತು.

ಮರುದಿನ ಆರೂವರೆಗೇ ಎದ್ದೆ. ಕ್ಯಾಮೆರಾ ರಾತ್ರಿಯೇ ಹೊರಗೆ ಚಾವಡಿಯಲ್ಲಿ. ಲೈವ್ ವ್ಯೂ, ಅಂದ್ರೆ ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ ಕಾಣುವ ಚಿತ್ರ, ದೊಡ್ಡದು ಮಾಡಿ ಕೈಯಲ್ಲೇ ಫೋಕಸ್ಸು, 2 ಸೆಕೆಂಡು ಟೈಮರು, ಬರೀ ಲೆನ್ಸಲ್ಲಿ ಎಫ್ 8, ಕನ್ವರ್ಟರ್ ಹಾಕಿ ಎಫ್ 11. ಬರೀ ಲೆನ್ಸಿನದ್ದನ್ನು ಕಂಪ್ಯೂಟರಲ್ಲಿ 1.4 ಪಟ್ಟು ಹಿಗ್ಗಿಸಿ ಪಕ್ಕಪಕ್ಕ ಇಟ್ಟೆ. ಮೀಸೆ, ಕನ್ನಡಕದಲ್ಲಿ ಬರೀ ಲೆನ್ಸೇ ಗೆದ್ದದ್ದು, ಕಪ್ಪು ಕಪ್ಪಗೆ ಬಿಳಿ ಬೆಳ್ಳಗೆ. ಸಣ್ಣ ಅಕ್ಷರಕ್ಕೆ ಬಂದ್ರೆ ಬರೀ ಲೆನ್ಸಿನದ್ರಲ್ಲಿ ಇರುವೆ ಸಾಲು, ಕನ್ವರ್ಟರಿನದ್ದು ಸ್ವಲ್ಪ ಮಾಸಿದ್ರೂ ಓದ್ಲಿಕ್ಕೆ ಆಗ್ತದೆ, ಒಂದೊಂದು ಅಕ್ಷರಕ್ಕೆ ಪಿಕ್ಸೆಲ್ ಜಾಸ್ತಿ ಸಿಕ್ಕಿದೆಯಲ್ಲ. 2ಎಕ್ಸ್, ಅಂದ್ರೆ ಎರಡು ಪಟ್ಟಿನ ಕನ್ವರ್ಟರಿನ ಸುದ್ದಿಯೇ ಬೇಡ, 1200 ಆಗ್ತದೆ ನಿಜ, ಎಫ್ 13ರಲ್ಲಿ ಗರುಡನನ್ನು ಹುಡುಕುವಷ್ಟರಲ್ಲಿ ಅದು ಮೀನು ತಿಂದು ಗೂಡಿಗೆ ಹೋಗಿರ್ತದೆ.

ನೋಡು ಎಷ್ಟು ಕ್ಲಿಯರ್ ಉಂಟು ಅಂತ ಹೆಂಡತಿಯನ್ನು ಕರೆದೆ. ಅವಳು ಬಗ್ಗಿ ಓದಿದಳು, ಮತ್ತೆ ಓದಿದಳು.

"ಹೋಯ್, ಇವ್ರು ನಮ್ಮ ಸಣ್ಣತ್ತೆಯ ಭಾವ ಅಲ್ವಾ? ಉತ್ತರಕ್ರಿಯೆ, ಬೊಜ್ಜ ಇವತ್ತೇ!"