ಹಸೀನಾ ಹೆಸರಲ್ಲಿ ನಾನು ಕಳಿಸಿದ ಮೆಸೇಜ್ ತಪ್ಪು

ಕುಕ್ಕರಹಳ್ಳಿ ಕೆರೆ ವಾಕಿಂಗ್ ಗ್ರೂಪಿನವರೇ, ನಿನ್ನೆ ನಾನು ಹಾಕಿದ ಮೆಸೇಜ್ ತಪ್ಪು. 'ಸೇಂಟ್ ಮಾರ್ಟಿನ್ ದ್ವೀಪವನ್ನು ಅಮೆರಿಕಕ್ಕೆ ಕೊಟ್ಟಿದ್ದರೆ ನಾನು ಅಧಿಕಾರದಲ್ಲೇ ಇರುತ್ತಿದ್ದೆ' ಅಂತ ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ ರಾಜೀನಾಮೆ ಹೊತ್ತಲ್ಲಿ ಹೇಳಿದರು ಅನ್ನೋದು ಆ ಮೆಸೇಜ್. (ಆ ದ್ವೀಪ ಬಾಂಗ್ಲಾದೇಶದ್ದೇ.) ಬೆಳಿಗ್ಗೆ ಕೆರೆ ಏರಿ ಮೇಲೆ ಇಬ್ಬರು ಅದನ್ನೇ ಮೊಬೈಲ್ ಚಾಚಿ ನನಗೇ ತೋರಿಸಿದರು. ನಾಚಿಕೆ ಆಯ್ತು.

ಆ ಮಾತು 2024ರ ಆಗಸ್ಟ್‌ನಲ್ಲಿ ಪತ್ರಿಕೆಗಳಲ್ಲೂ ಬಂದಿತ್ತು. ಆದರೆ ಅದು ಕಟ್ಟುಕಥೆ, ಢಾಕಾ ಬಿಡುವ ಮೊದಲಾಗಲಿ ಆಮೇಲಾಗಲಿ ಅಮ್ಮ ಅಂಥ ಹೇಳಿಕೆ ಕೊಟ್ಟಿಲ್ಲ ಅಂತ ಅವರ ಮಗ ಸಜೀಬ್ ವಾಜೆದ್ ಕೂಡಲೇ ಹೇಳಿದರು. ಹಸೀನಾ ಸರ್ಕಾರ ಬಿದ್ದಿದ್ದರಲ್ಲಿ ತನ್ನ ಕೈವಾಡ ಇಲ್ಲ ಅಂತ ಅಮೆರಿಕವೂ ಅಂದಿತು. (ದ್ವೀಪ ಗುತ್ತಿಗೆ ಕೊಟ್ಟರೆ ಅಧಿಕಾರ ಉಳಿಸಿಕೊಳ್ಳೋದು ಕಷ್ಟವಲ್ಲ ಅಂತ 2023ರ ಜೂನ್‌ನಲ್ಲಿ, ಪ್ರಧಾನಿಯಾಗಿದ್ದಾಗ, ಹಸೀನಾ ಅಂದಿದ್ದುಂಟು. ಗೊಂದಲ ಅಲ್ಲಿಂದಲೂ ಬಂದಿರಬಹುದು.) ಅವರನ್ನು ಇಳಿಸಿದ ಚಳವಳಿ ಶುರುವಾಗಿದ್ದು, 1971ರ ವಿಮೋಚನಾ ಹೋರಾಟಗಾರರ ಕುಟುಂಬಗಳಿಗೆ ಸರ್ಕಾರಿ ಕೆಲಸದಲ್ಲಿ ಇದ್ದ 30% ಮೀಸಲಾತಿ ವಿಷಯಕ್ಕೆ.

ಹೊರಗಿನವರು ಸರ್ಕಾರ ಬೀಳಿಸೋದೇ ಇಲ್ಲ ಅಂತಲ್ಲ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್ ಸರ್ಕಾರ ಬೀಳಿಸಿದ್ದರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪಾತ್ರ ಇತ್ತು ಅಂತ 2013ರಲ್ಲಿ ಹೊರಬಂದ ಅದರದೇ ದಾಖಲೆಗಳು ಒಪ್ಪಿಕೊಂಡಿವೆ. ಅಲ್ಲಿ ಕಾಗದ ಇದೆ, ಇಲ್ಲಿ ಬರೀ ಫಾರ್ವರ್ಡ್.

ಗ್ರೂಪಿನಲ್ಲಿ ನಾನು ಅಳಿಸಿದ್ದೀನಿ. ನೀವೂ ಮುಂದಕ್ಕೆ ಕಳಿಸಬೇಡಿ, ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿಬಿಡಿ.