ಶಾಲೆಯನ್ನೂ ತಕ್ಕಡಿಗೆ ಹತ್ತಿಸಿ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಚಳಿಗಾಲದ ಶನಿವಾರದ ಬೆಳಿಗ್ಗೆ ಕುಸ್ತಿ ಪಂದ್ಯವಿರುವ ಯಾವುದಾದರೂ ಹೈಸ್ಕೂಲಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಅಖಾಡವಲ್ಲ, ತೂಕದ ಯಂತ್ರ. ಪಕ್ಕೆಲುಬು ಎಣಿಸಬಹುದಾದಂಥ ಹುಡುಗನೊಬ್ಬ ಒಳಉಡುಪಿನಲ್ಲಿ ಅದರ ಮೇಲೆ ಹತ್ತಿ, ಉಸಿರಿಗೂ ಒಂದಿಷ್ಟು ತೂಕವಿದ್ದೀತೆಂಬ ಅನುಮಾನದಿಂದ ಅದನ್ನೂ ಹೊರಗೆ ಬಿಟ್ಟು ನಿಂತಿರುತ್ತಾನೆ. ರೆಫರಿ ಅವನ ಉಗುರು ನೋಡುತ್ತಾರೆ, ಚರ್ಮದಲ್ಲಿ ಗಜಕರ್ಣ ಇದೆಯೇ ಎಂದು ನೋಡುತ್ತಾರೆ, ಕೊನೆಗೆ ಅಂಕಿ ನೋಡುತ್ತಾರೆ. 106 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ 48 ಕಿಲೋ. ಅಲ್ಲಿಂದ 285 ಪೌಂಡಿನವರೆಗೆ 14 ತೂಕದ ವರ್ಗಗಳಿದ್ದು, ಪ್ರತಿಯೊಬ್ಬನೂ ಸೆಡ್ಡು ಹೊಡೆಯಬೇಕಾದದ್ದು ತನ್ನಷ್ಟೇ ತೂಕದವನ ಎದುರು ಮಾತ್ರ.

ಇಷ್ಟೆಲ್ಲ ಅಳೆದ ಮೇಲೂ ಒಂದನ್ನು ಅಳೆಯುವುದು ಬಾಕಿ ಉಳಿಯಿತಲ್ಲ ಎಂಬುದು ಅಲ್ಲಿನ ಕೆಲವು ಹಿರಿಯರ ಬಹುಕಾಲದ ಚಿಂತೆ. ಹುಡುಗನನ್ನು ತೂಗಿದ್ದಾಯಿತು, ಅವನ ಶಾಲೆಯನ್ನು ತೂಗುವವರು ಯಾರು? ಕಾರ್ಮೆಲ್‌ನಂಥ ಹೈಸ್ಕೂಲಿನಲ್ಲಿ 5,000ಕ್ಕೂ ಹೆಚ್ಚು ಮಕ್ಕಳಿದ್ದಾರೆ. ಮುಸುಕಿನ ಜೋಳದ ಹೊಲಗಳ ನಡುವಿನ ಹಳ್ಳಿಯ ಶಾಲೆಯಲ್ಲಿ ಇನ್ನೂರು ಮುನ್ನೂರು ಮಕ್ಕಳಿದ್ದರೆ ಅದೇ ಹೆಚ್ಚು. ಇಬ್ಬರೂ 48 ಕಿಲೋ ಇದ್ದರೂ ಒಬ್ಬನ ಬೆನ್ನ ಹಿಂದೆ ಐದು ಸಾವಿರ ಜನ ಬೀಜಗಣಿತ ಕಲಿಯುತ್ತಿರುವುದರಿಂದ ಅವನ ಹಿಡಿತಕ್ಕೆ ಹೆಚ್ಚಿನ ಬಲ ಬರುತ್ತದೆಯೆಂದೂ, ಆದ್ದರಿಂದ ಈಗ ಎಲ್ಲ ಶಾಲೆಗಳಿಗೂ ಒಂದೇ ಆಗಿರುವ ರಾಜ್ಯ ಮಟ್ಟದ ವೈಯಕ್ತಿಕ ಪಂದ್ಯಗಳನ್ನು ಶಾಲೆಯ ಗಾತ್ರಕ್ಕೆ ತಕ್ಕಂತೆ ಒಡೆದು ಒಂದೊಂದು ತೂಕಕ್ಕೆ ಮೂರೋ ನಾಲ್ಕೋ ಚಾಂಪಿಯನ್ನರನ್ನು ಮಾಡಬೇಕೆಂದೂ ಅವರ ವಾದ.

ಈ ವಾದ ಗೆದ್ದ ರಾಜ್ಯಗಳಿಗೇನೂ ಬರವಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಎರಡು ವರ್ಗ, ಒಹಾಯೊ, ಅಯೊವಾಗಳಲ್ಲಿ ಮೂರು, ಮಿಶಿಗನ್‌ನಲ್ಲಿ ನಾಲ್ಕು. ಸುಮಾರು ಒಂದು ಕೋಟಿ ಜನರಿರುವ ಮಿಶಿಗನ್ ಪ್ರತಿ ತೂಕಕ್ಕೂ ನಾಲ್ವರು ರಾಜ್ಯ ಚಾಂಪಿಯನ್ನರನ್ನು ಕೊಡುತ್ತದೆ. ನಾಲ್ಕು ಕೋಟಿಯ ಹತ್ತಿರವಿರುವ ಕ್ಯಾಲಿಫೋರ್ನಿಯಾ ಬೇಕರ್ಸ್‌ಫೀಲ್ಡ್‌ನಲ್ಲಿ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿ ಒಬ್ಬನನ್ನು ಮಾತ್ರ ಕೊಡುತ್ತದೆ. ತಲಾವಾರು ಚಾಂಪಿಯನ್ ಉತ್ಪಾದನೆಯಲ್ಲಿ ಕ್ಯಾಲಿಫೋರ್ನಿಯಾ ಹದಿನಾರು ಪಟ್ಟು ಹಿಂದುಳಿದಿದೆ ಎಂಬ ಆತಂಕಕಾರಿ ಸಂಗತಿ ಇನ್ನೂ ಯಾವ ಅರ್ಥಶಾಸ್ತ್ರಜ್ಞನ ಗಮನಕ್ಕೂ ಬಂದಂತಿಲ್ಲ.

ಶಾಲೆಯನ್ನು ತೂಗುವುದೇ ನಿಜವಾದರೆ ಶಾಸ್ತ್ರೋಕ್ತವಾಗಿ ತೂಗಬೇಕೆಂಬುದು ನನ್ನ ನಮ್ರ ಸಲಹೆ. ಹುಡುಗರಿಗೆ ಈಗಾಗಲೇ ಕಟ್ಟುನಿಟ್ಟಿನ ನಿಯಮಗಳಿವೆ: ಮೂತ್ರ ಪರೀಕ್ಷೆ ಮಾಡಿ ದೇಹದಲ್ಲಿ ಸಾಕಷ್ಟು ನೀರಿದೆಯೆಂದು ಖಚಿತಪಡಿಸಿಕೊಳ್ಳಬೇಕು, ಮೈಯ ಕೊಬ್ಬು ಶೇ. 7ಕ್ಕಿಂತ ಕೆಳಗೆ ಇಳಿಯುವ ತೂಕಕ್ಕೆ ಹೋಗಬಾರದು, ವಾರಕ್ಕೆ ಶೇ. 1.5ಕ್ಕಿಂತ ಹೆಚ್ಚು ತೂಕ ಇಳಿಸಬಾರದು. ಇವನ್ನೇ ಶಾಲೆಗೂ ಅನ್ವಯಿಸಿದರಾಯಿತು. ಕೆಳಗಿನ ವರ್ಗಕ್ಕೆ ಇಳಿಯಲು ಹವಣಿಸುವ ಮುಖ್ಯೋಪಾಧ್ಯಾಯರು ವಾರಕ್ಕೆ ಶೇ. 1.5ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ವರ್ಗಾವಣೆ ಪತ್ರ ಕೊಡುವಂತಿಲ್ಲ, ಶೇ. 7ರಷ್ಟಾದರೂ ಮಕ್ಕಳು ಯಾವ ಆಟಕ್ಕೂ ಸೇರದೆ ಬೆಂಚಿನಲ್ಲಿ ಕುಳಿತು ಕೊಬ್ಬಿನ ಪಾತ್ರ ನಿರ್ವಹಿಸಬೇಕು; ತಲೆ ಎಣಿಕೆಯ ದಿನವೇ ಇಡೀ ಒಂಬತ್ತನೇ ತರಗತಿಯನ್ನು ಪ್ರವಾಸಕ್ಕೆ ಕಳುಹಿಸುವುದನ್ನು ಬೆವರಿಳಿಸಿ ತೂಕ ಕಳೆಯುವುದಕ್ಕೆ ಸಮಾನವಾದ ಅಪರಾಧವೆಂದು ಪರಿಗಣಿಸಬೇಕು.

ಇದು ನನ್ನ ತಲೆಹರಟೆ ಎನ್ನುವವರು ಪಕ್ಕದ ಇಲಿನಾಯ್ಸ್ ರಾಜ್ಯದ ಲೆಕ್ಕವನ್ನು ನೋಡಬೇಕು. ಅಲ್ಲಿ ನಿಗದಿತ ವ್ಯಾಪ್ತಿಯಿಲ್ಲದ ಶಾಲೆಗಳು, ಅಂದರೆ ಎಲ್ಲಿಂದ ಬೇಕಾದರೂ ಮಕ್ಕಳನ್ನು ಸೇರಿಸಿಕೊಳ್ಳುವ ಖಾಸಗಿ ಶಾಲೆಗಳು ಮತ್ತು ಅಂಥವು, ಅನ್ಯಾಯದ ಲಾಭ ಪಡೆಯಬಾರದೆಂದು ಅವುಗಳ ಮಕ್ಕಳ ಸಂಖ್ಯೆಯನ್ನು 1.65ರಿಂದ ಗುಣಿಸುತ್ತಾರೆ. ಒಂದೂಮುಕ್ಕಾಲಿಗೆ ತುಸು ಕಡಿಮೆಯಾದ ಆ ಮಗು ಬೆಳಿಗ್ಗೆ ಬಸ್ಸಿನಲ್ಲಿ ಎಷ್ಟು ಸೀಟು ಹಿಡಿಯುತ್ತದೆಯೆಂಬುದನ್ನು ನಿಯಮ ಹೇಳುವುದಿಲ್ಲ. ಶಾಲೆ ಸೋಲುತ್ತಲೇ ಇದ್ದರೆ ಗುಣಾಕಾರದಿಂದ ವಿನಾಯಿತಿ ಸಿಗಬಹುದು, ಆಗ ಮಗು ಮರಳಿ ಒಂದೇ ಆಗುತ್ತದೆ. ಇಂಡಿಯಾನಾ ಕೂಡ ಹಿಂದೆ ಬಿದ್ದಿಲ್ಲ. ಅಲ್ಲಿ ಫುಟ್‌ಬಾಲಿನಂಥ ತಂಡದ ಆಟಗಳಲ್ಲಿ ಚಿಕ್ಕ ಶಾಲೆಯೊಂದು ಮೇಲಿಂದ ಮೇಲೆ ಗೆದ್ದರೆ ಅದನ್ನು ಮೇಲಿನ ವರ್ಗಕ್ಕೆ ತಳ್ಳುತ್ತಾರೆ. ಚಿಕ್ಕವರು ಗೆಲ್ಲಲಾರರೆಂದು ವರ್ಗ ಮಾಡಿದ ಮೇಲೆ ಚಿಕ್ಕವರೇ ಗೆದ್ದರೆ ಅವರು ಚಿಕ್ಕವರಲ್ಲವೆಂದು ಸಾರುವುದು ತರ್ಕಕ್ಕೆ ಹಾಕಿದ ಒಳ್ಳೆಯ ಪಟ್ಟು. ತರ್ಕ ಅಲ್ಲಿಗೆ ಚಿತ್.

ಎದುರು ಪಾಳೆಯದವರು ಇದಕ್ಕಿಂತ ಜಾಣರೆಂದು ಯಾರೂ ತಪ್ಪು ತಿಳಿಯಬಾರದು. ಎಲ್ಲರಿಗೂ ಒಂದೇ ಪಟ್ಟಿ ಇರಲಿ ಎನ್ನುವ ಇಂಡಿಯಾನಾದ ಹಳಬರನ್ನು ಮಾತಿಗೆಳೆದರೆ ಕುಸ್ತಿಯನ್ನು ಬಿಟ್ಟು ಬ್ಯಾಸ್ಕೆಟ್‌ಬಾಲಿಗೆ ಹಾರಿ, 161 ಮಕ್ಕಳ ಮೈಲನ್ ಹೈಸ್ಕೂಲು 1954ರ ರಾಜ್ಯ ಫೈನಲ್‌ನಲ್ಲಿ ಬಲಾಢ್ಯ ಮನ್ಸಿ ಸೆಂಟ್ರಲ್ ಶಾಲೆಯನ್ನು 32–30ರಿಂದ ಸೋಲಿಸಿದ ಕಥೆಯನ್ನು ಹೇಳುತ್ತಾರೆ. ಬಾಬಿ ಪ್ಲಂಪ್ ಎಂಬ ಹುಡುಗ ಕೊನೆಯ ಕ್ಷಣದಲ್ಲಿ ಚೆಂಡೆಸೆದ ಗಳಿಗೆಗೆ ಬಂದಾಗ ಅವರ ಕಣ್ಣು ತೇವವಾಗುತ್ತದೆ. ಆ ಬಳಿಕ ಅಷ್ಟು ಚಿಕ್ಕ ಶಾಲೆ ಮತ್ತೆ ಗೆಲ್ಲಲಿಲ್ಲ, 1997–98ರಿಂದ ಆ ಆಟವೇ ನಾಲ್ಕು ವರ್ಗವಾಗಿ ಒಡೆಯಿತು ಎಂಬುದು ಬೇರೆ ಮಾತು. ನೂರರಲ್ಲಿ ಒಬ್ಬನಿಗೆ ಲಾಟರಿ ಹೊಡೆಯಿತೆಂದು ಉಳಿದವರಿಗೆ ಸಂಬಳ ಬೇಡವೆಂದಂತೆ ಈ ವಾದ. ಅಲ್ಲದೆ ಬ್ಯಾಸ್ಕೆಟ್‌ಬಾಲಿನಲ್ಲಿ ಎತ್ತರದ ವರ್ಗಗಳಿಲ್ಲ. ಐದು ಸಾವಿರದಲ್ಲಿ ಐವರು ಉದ್ದನೆಯವರು ಸಿಗುವಷ್ಟು ಸುಲಭವಾಗಿ ನೂರರವತ್ತರಲ್ಲಿ ಸಿಗುವುದಿಲ್ಲ. ಕುಸ್ತಿಯಲ್ಲಿ ಅಳತೆ ಮೊದಲೇ ಮುಗಿದಿರುತ್ತದೆ.

ಹಾಗಾದರೆ ಚಿಕ್ಕ ಶಾಲೆಗೆ ಕಷ್ಟವೇ ಇಲ್ಲವೇ? ಇದೆ, ಆದರೆ ಅದು ಬೇರೆ ಕಡೆ ಇದೆ. ಎರಡು ಶಾಲೆಗಳ ತಂಡಗಳು ಮುಖಾಮುಖಿಯಾದಾಗ ಹದಿನಾಲ್ಕು ತೂಕಕ್ಕೂ ಒಬ್ಬೊಬ್ಬ ಹುಡುಗ ಬೇಕು. ಯಾರೂ ಇಲ್ಲದ ತೂಕದಲ್ಲಿ ಎದುರಾಳಿಯ ಕೈಯನ್ನು ಎತ್ತಿ ಹಿಡಿದು ಆರು ಅಂಕಗಳನ್ನು ಕೊಟ್ಟುಬಿಡುತ್ತಾರೆ, ಅದೂ ಚಿತ್ ಮಾಡಿದವನಿಗೆ ಸಿಗುವಷ್ಟೇ ಅಂಕ. ಎಂಟೇ ಜನರಿರುವ ಶಾಲೆ ಬಸ್ಸಿನಿಂದ ಇಳಿಯುವಾಗಲೇ 36 ಅಂಕಗಳಿಂದ ಹಿಂದಿರುತ್ತದೆ. ಖಾಲಿ ಜಾಗದೊಂದಿಗೆ ಕುಸ್ತಿಯಾಡಿ ಗೆದ್ದವರು ಲೋಕದಲ್ಲಿ ಇಲ್ಲವಾದ್ದರಿಂದ ತಂಡದ ಪಂದ್ಯಕ್ಕೆ ಗಾತ್ರದ ವರ್ಗ ಮಾಡುವುದರಲ್ಲಿ ನನಗೆ ನಗುವಂಥದ್ದೇನೂ ಕಾಣುವುದಿಲ್ಲ. ನಗು ಬರುವುದು, ತಂಡದ ಈ ಖಾಲಿ ಜಾಗಗಳನ್ನು ತೋರಿಸಿ, ಅಖಾಡದಲ್ಲಿ ಇಬ್ಬರೇ ಇರುವ ಪಂದ್ಯಕ್ಕೂ ಗೋಡೆ ಎಬ್ಬಿಸುವಾಗ.

ಮೈಸೂರಿನಲ್ಲಿ ದಸರಾಕ್ಕೆ ಮುನ್ನ ಕುಸ್ತಿ ಜೋಡಿ ಕಟ್ಟುತ್ತಾರೆ. ಹಿರಿಯ ಉಸ್ತಾದರು ಇಬ್ಬರು ಪೈಲ್ವಾನರನ್ನು ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ, ಹಿಂದೆ ಯಾರೊಂದಿಗೆ ಹಿಡಿದಿದ್ದಾರೆಂದು ವಿಚಾರಿಸಿ, ಸರಿಹೊಂದಿದರೆ ಕೈ ಕೂಡಿಸುತ್ತಾರೆ. ನಿನ್ನ ಗರಡಿಯಲ್ಲಿ ಎಷ್ಟು ಜನ ಸಾಮು ಮಾಡುತ್ತಾರಪ್ಪ, ಹೆಚ್ಚಿದ್ದರೆ ನಿನಗೆ ಬೇರೆ ಮಟ್ಟಿ ಅಗೆಸುತ್ತೇವೆ ಎಂದು ಯಾವ ಉಸ್ತಾದರಾದರೂ ಕೇಳಿದ್ದರೆ ಆ ಸಂಜೆ ಅವರ ಪೇಟವೇ ಮಟ್ಟಿಯಲ್ಲಿ ಬಿದ್ದಿರುತ್ತಿತ್ತು.

ಹಳ್ಳಿಯ ಶಾಲೆಯ ಆ 48 ಕಿಲೋದ ಹುಡುಗನ ನಿಜವಾದ ತೊಂದರೆ ಶನಿವಾರದ್ದಲ್ಲ, ಮಂಗಳವಾರದ್ದು. ದೊಡ್ಡ ಶಾಲೆಯ ಹುಡುಗನಿಗೆ ಅಭ್ಯಾಸದಲ್ಲಿ ಹಿಡಿಯಲು ತನ್ನಷ್ಟೇ ತೂಕದವರು ಮೂರು ನಾಲ್ಕು ಮಂದಿ ಸಿಗುತ್ತಾರೆ, ಪಟ್ಟು ತಿದ್ದಲು ಇಬ್ಬರು ಮೂವರು ತರಬೇತುದಾರರು ಇರುತ್ತಾರೆ. ಇವನಿಗೆ ಸಿಗುವವನು ಇವನಿಗಿಂತ ಇಪ್ಪತ್ತು ಕಿಲೋ ಭಾರದ ಹುಡುಗ. ಅವನೂ ಜ್ವರವೆಂದು ರಜೆ ಹಾಕಿದರೆ, ಹಗಲು ಚರಿತ್ರೆ ಪಾಠ ಮಾಡಿ ಸಂಜೆ ಕುಸ್ತಿ ಕಲಿಸಿ ರಾತ್ರಿ ತಂಡದ ಬಸ್ಸನ್ನೂ ತಾವೇ ಓಡಿಸುವ ಮಾಸ್ತರರು. ಒಬ್ಬ ಸಹಾಯಕ ತರಬೇತುದಾರನ ಸಂಬಳಕ್ಕಿಂತ ಒಂದು ಬುಟ್ಟಿ ಪದಕ ಅಗ್ಗವಾದ್ದರಿಂದ ಸುಧಾರಣೆ ಪದಕದಿಂದಲೇ ಶುರುವಾಗಲಿದೆ. ನಾಳೆ ಹೊಸ ವರ್ಗ ಬಂದರೆ ಹುಡುಗನ ಕೊರಳಿಗೆ ಚಿಕ್ಕ ಶಾಲೆಗಳ ರಾಜ್ಯ ಚಾಂಪಿಯನ್ ಎಂಬ ಪದಕ ಬೀಳಬಹುದು. ಮಂಗಳವಾರ ಸಂಜೆ ಅವನು ಅದನ್ನು ಬಿಚ್ಚಿ ಬೆಂಚಿನ ಮೇಲಿಟ್ಟು ಮ್ಯಾಟಿಗೆ ಇಳಿಯುತ್ತಾನೆ. ಎದುರಿಗೆ, ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ, ಮಾಸ್ತರರು.