ಮೊಟ್ಟೆಗಿರುವ ಮರ್ಯಾದೆ ದೇವರಿಗೆ ಯಾಕಿಲ್ಲ?

ಸರ್ಕಾರಿ ಶಾಲೆಯಲ್ಲಿ ಮಗುವಿನ ತಟ್ಟೆಗೆ ಒಂದು ಮೊಟ್ಟೆ ಬೀಳಬೇಕಾದರೆ ಮನೆಯವರನ್ನು ಕೇಳಬೇಕು. ನಿಮ್ಮ ಹುಡುಗ ಮೊಟ್ಟೆ ತಿನ್ನುತ್ತಾನಾ, ಇಲ್ವಾ? ಇಲ್ಲ ಅಂದರೆ ಬಾಳೆಹಣ್ಣು. ನಡುವೆ ಒಂದಷ್ಟು ಕಾಲ ಚಿಕ್ಕಿಯೂ ಇತ್ತು. ಮೊಟ್ಟೆಯವರು ಯಾರು, ಬಾಳೆಹಣ್ಣಿನವರು ಯಾರು ಅಂತ ಪಟ್ಟಿ ಮಾಡಿ, ಲೆಕ್ಕ ಬರೆದು, ಮೇಲಿನವರಿಗೆ ಒಪ್ಪಿಸಬೇಕು. ಒಂದು ಮೊಟ್ಟೆ ಲೆಕ್ಕ ತಪ್ಪಿದರೂ ಹೆಡ್‌ಮೇಷ್ಟ್ರಿಗೆ ಆ ರಾತ್ರಿ ನಿದ್ದೆ ಇಲ್ಲ.

ಅದೇ ಶಾಲೆ, ಅದೇ ಮಗು. ಶುಕ್ರವಾರದ ಪೂಜೆ ಮುಗಿಸಿ ಹಣೆಗೆ ಕುಂಕುಮ ಇಡುವಾಗ, ಮಂಗಳಾರತಿ ತಟ್ಟೆ ಮುಂದೆ ಹಿಡಿಯುವಾಗ, "ಎಲ್ರೂ ಕಣ್ಮುಚ್ಚಿ ಕೈ ಮುಗೀರಿ" ಅಂತ ಮೇಡಂ ಮೈಕಿನಲ್ಲಿ ಹೇಳುವಾಗ ಯಾರ ಮನೆಗೂ ಫೋನ್ ಹೋಗುವುದಿಲ್ಲ. ಪಟ್ಟಿ ಇಲ್ಲ, ಕಾಲಂ ಇಲ್ಲ, ಸಹಿ ಇಲ್ಲ. ಸರ್ಕಾರದ ಕಡತದಲ್ಲಿ ಕೋಳಿಯ ದರ್ಜೆ ದೇವರಿಗಿಂತ ಮೇಲೆ.

ಮೊಟ್ಟೆಗೆ ಈ ಮರ್ಯಾದೆ ಸುಮ್ನೆ ಸಿಕ್ಕಿದ್ದಲ್ಲ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾದಾಗಲೇ ಕೆಲವು ಮಠಾಧೀಶರು ಬೇಡವೇ ಬೇಡ ಅಂದರು. 2022ರಲ್ಲಿ ಇಡೀ ರಾಜ್ಯಕ್ಕೆ ಬಂತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಲ್ಲಿ ವಾರಕ್ಕೆ 6 ದಿನ ಆಯಿತು. 2025ರಲ್ಲಿ ಮಂಡ್ಯದ ಕಡೆ ಒಂದು ಊರಿನಲ್ಲಿ, ದೇವಸ್ಥಾನದ ಪಕ್ಕದ ಶಾಲೆಯಲ್ಲಿ ಮೊಟ್ಟೆ ಬೇಯಬಾರದು ಅಂತ ಹಟ ಹಿಡಿದು ಮಕ್ಕಳ ಟಿಸಿ ಕಿತ್ತುಕೊಂಡು ಹೋದವರೂ ಇದ್ದಾರೆ. ಇಷ್ಟೆಲ್ಲ ಜಗಳ ಆಡಿದ ಮೇಲೂ ನಮಗೊಂದು ಒಳ್ಳೆ ಪದ್ಧತಿ ಉಳಿಯಿತು. ಕೇಳು, ಬರೆದುಕೋ, ಬೇಡ ಅಂದವನಿಗೆ ಬೇರೆ ಕೊಡು. ಬಾಳೆಹಣ್ಣು ತಿನ್ನುವ ಹುಡುಗನನ್ನು ನೋಡಿ ಯಾರೂ "ಇವನು ಈ ದೇಶದ ಅನ್ನ ತಿನ್ನುವವನಾ" ಅನ್ನುವುದಿಲ್ಲ. ಅವನ ಮನೆಗೆ ಟಿವಿಯವರು ಹೋಗುವುದಿಲ್ಲ. ಪಕ್ಕದಲ್ಲಿ ಕೂತವನು ಇವನ ಬಾಳೆಹಣ್ಣಿನಲ್ಲಿ ಅರ್ಧ ಕಿತ್ತುಕೊಂಡು ತಿನ್ನುತ್ತಾನೆ, ಅಷ್ಟೇ.

ದೇವರ ವಿಷಯದಲ್ಲಿ ಇದೇ ಪದ್ಧತಿ ಇಟ್ಟುಕೊಳ್ಳಿ ಅಂದರೆ ಅದೇನೋ ಹೊಸದು, ಪರದೇಶದ್ದು ಅಂತ ಮುಖ ಸಿಂಡರಿಸುತ್ತಾರೆ. ಹೊಸದೇನಲ್ಲ ಸ್ವಾಮಿ, 1950ರಿಂದ ಜಾರಿಯಲ್ಲಿದೆ. ಸಂವಿಧಾನದ 28ನೇ ವಿಧಿ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮದ ಬೋಧನೆ ಇರಕೂಡದು. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಶಾಲೆಯಾದರೆ, ಧರ್ಮದ ಪಾಠಕ್ಕೋ ಪೂಜೆ ಪ್ರಾರ್ಥನೆಗೋ ಮಗುವನ್ನು ಕೂರಿಸಲು ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು. ಅಷ್ಟೇ ಇರುವುದು. ಈಗ ನಮ್ಮ ಮಕ್ಕಳು ಬೆಳಗ್ಗೆ ಪ್ರಾರ್ಥನೆ ಹೊತ್ತಿನಲ್ಲಿ ಸಂವಿಧಾನದ ಪೀಠಿಕೆ ಗಟ್ಟಿಯಾಗಿ ಓದುತ್ತಾರೆ, ಎಷ್ಟೋ ಮಕ್ಕಳಿಗೆ ಬಾಯಿಪಾಠ. ಅದರ ಮುಂದಿನ ಪುಟ ತಿರುವಿ ನೋಡುವ ಪುರುಸೊತ್ತು ಮಾತ್ರ ದೊಡ್ಡವರಿಗೆ ಸಿಕ್ಕಿಲ್ಲ.

ಒಪ್ಪಿಗೆ ಅಂದರೆ ನಮ್ಮಲ್ಲಿ ಹೇಗೆ ಸಿಗುತ್ತದೆ ಅಂತ ಸ್ವಲ್ಪ ಹೇಳಬೇಕು. ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಯಾವುದಾದರೂ ಊರು ಅಂದುಕೊಳ್ಳಿ. ಮನೆಯಲ್ಲಿ ತೆಲುಗು ಇಲ್ಲವೇ ಉರ್ದು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಮೂರೂ. ಪರೀಕ್ಷೆ ಹತ್ತಿರ ಬಂತು, ಶಾರದಾ ಪೂಜೆ ಮಾಡಬೇಕು, ಹಾಲ್ ಟಿಕೆಟ್‌ಗಳನ್ನು ದೇವಿಯ ಮುಂದೆ ಇಡಬೇಕು, ಪೊಂಗಲ್ ಮಾಡಿಸಬೇಕು. ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿ, ಸಭೆ ಸೇರುತ್ತದೆ. ಅಧ್ಯಕ್ಷರು, ಮಾಜಿ ಪಂಚಾಯ್ತಿ ಮೆಂಬರು, ಟೊಮೇಟೊ ರೇಟು ಬಿದ್ದಿದೆ ಅಂತ ಮುಖ ಸಣ್ಣದು ಮಾಡಿಕೊಂಡ ಇಬ್ಬರು ರೈತರು, ಮೂಲೆಯಲ್ಲಿ ಒಬ್ಬರು ರೇಷ್ಮೆ ರೀಲರ್ ಭಾಯಿ. ಅಷ್ಟೂ ಜನರ ನಡುವೆ ಅವರೊಬ್ಬರೇ.

"ಏನ್ ಭಾಯಿ, ನಿಮ್ದೇನೂ ಅಬ್ಜೆಕ್ಷನ್ ಇಲ್ಲ ಅಲ್ವಾ?"

"ಅಯ್ಯೋ, ಮಾಡ್ಕೊಳ್ಳಿ ಅಣ್ಣ, ನಮ್ದೇನೈತೆ."

ಒಪ್ಪಿಗೆ ಸಿಕ್ಕಿತು! ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ" ಅಂತ ಬರೆದರು. ಆ ಭಾಯಿ ಬೇರೆ ಏನು ಹೇಳಬೇಕಿತ್ತು ಹೇಳಿ? ನಾಳೆ ಬೆಳಗ್ಗೆ ಇದೇ ರೈತರ ರೇಷ್ಮೆ ಗೂಡನ್ನೇ ಅವರು ಮಾರ್ಕೆಟ್ಟಿನ ಹರಾಜಿನಲ್ಲಿ ಕೊಳ್ಳಬೇಕು. ಮೊಟ್ಟೆಗಾದರೆ ಮಗು ಮನೆಗೆ ಹೋಗಿ ಅಮ್ಮನನ್ನು ಕೇಳಿಕೊಂಡು ಬರುತ್ತದೆ, ಇಲ್ಲಿ ತುಂಬಿದ ಸಭೆಯಲ್ಲಿ ಒಬ್ಬರ ಮುಖಕ್ಕೆ ಮುಖ ಕೊಟ್ಟು ಕೇಳಿ, ಅವರು ನಕ್ಕರೆ ಅದನ್ನೇ ಸಹಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇದೇ ಅಧ್ಯಕ್ಷರು ಕಷ್ಟ ಬಂದರೆ ಹೆಂಡತಿ ಮಕ್ಕಳ ಜೊತೆ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುವವರು. ಅದರಲ್ಲಿ ಅವರಿಗೆ ಯಾವ ತಕರಾರೂ ಇಲ್ಲ, ನನಗೂ ಇಲ್ಲ. ನಮ್ಮ ಕಡೆ ಎಷ್ಟೋ ಹಿಂದೂ ಮನೆಗಳವರು ಹೋಗುತ್ತಾರೆ. ಆದರೆ ಶಾಲೆಯ ಪ್ರವಾಸದ ಬಸ್ಸು ಕೈವಾರದ ದೇವಸ್ಥಾನ ನೋಡಿಕೊಂಡು, ಅದೇ ತಾಲೂಕು ಅಲ್ವಾ ಅಂತ ಮುರುಗಮಲ್ಲಕ್ಕೂ ತಿರುಗಲಿ ನೋಡೋಣ. ಸಂಜೆಯೊಳಗೆ ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ ಆಫೀಸಿನ ಮುಂದೆ ಧರಣಿ, ರಾತ್ರಿಯೊಳಗೆ ವಾಟ್ಸಾಪಿನಲ್ಲಿ "ಮುಗ್ಧ ಮಕ್ಕಳನ್ನು ಎಲ್ಲಿಗೆ ಕರೆದೊಯ್ದರು ನೋಡಿ". ಧರಣಿಯಲ್ಲಿ ಮುಂದೆ ಕೂತವರ ಕೈಯಲ್ಲಿ ಅದೇ ದರ್ಗಾದ ದಾರ ಇದ್ದರೂ ಇರಬಹುದು.

ಉತ್ಪ್ರೇಕ್ಷೆ ಅನಿಸಿತಾ? 2022ರ ಜನವರಿಯಲ್ಲಿ ನಮ್ಮ ಪಕ್ಕದ ಮುಳಬಾಗಿಲಿನ ಸರ್ಕಾರಿ ಶಾಲೆಯೊಂದರಲ್ಲಿ ಕೆಲವು ಮಕ್ಕಳು ಶುಕ್ರವಾರ ತರಗತಿಯಲ್ಲೇ ನಮಾಜ್ ಮಾಡಿದರು. ವಿಡಿಯೊ ಹರಿದಾಡಿತು, ಗಲಾಟೆಯಾಯಿತು, ಮುಖ್ಯ ಶಿಕ್ಷಕಿ ಅಮಾನತಾದರು. ಸರ್ಕಾರಿ ಶಾಲೆಯ ಕೋಣೆ ನಮಾಜಿಗೆ ಅಲ್ಲ ಅನ್ನಿ, ಒಪ್ಪೋಣ. ಹಾಗಾದರೆ ಅದೇ ಶುಕ್ರವಾರದ ಶಾರದೆ ಪೂಜೆಗೆ ಯಾವ ಕೋಣೆ? ಮುಂದಿನ ವರ್ಷ ಕುಂದಾಪುರದ ಕಡೆ ಒಂದು ಶಾಲೆಯ ಕಾರ್ಯಕ್ರಮದಲ್ಲಿ ಆಜಾನ್ ಕೇಳಿಸಿದ್ದಕ್ಕೆ ಶಾಲೆಯವರು ಕ್ಷಮೆ ಕೇಳಿದರು. ಇತ್ತ ಪ್ರತಿ ವರ್ಷ ಕೃಷ್ಣ ಜನ್ಮಾಷ್ಟಮಿಗೆ ಬುರ್ಖಾ ಹಾಕಿದ ತಾಯಿ ಕೃಷ್ಣನ ವೇಷದ ಮಗುವಿನ ಕೈ ಹಿಡಿದು ಹೋಗುವ ಫೋಟೊ ಮಾತ್ರ ತಪ್ಪದೆ ಬರುತ್ತದೆ. "ಇದೇ ನಮ್ಮ ದೇಶದ ಸೌಂದರ್ಯ" ಅಂತ ಕೆಳಗೆ ಬರೆದು ಎಲ್ಲರೂ ಹಂಚುತ್ತಾರೆ. ನಾನೂ ಲೈಕ್ ಒತ್ತಿದ್ದೇನೆ, ಮಗು ಮುದ್ದಾಗಿರುತ್ತದೆ. ರಂಜಾನಿಗೆ ಟೋಪಿ ಹಾಕಿಕೊಂಡ ನಮ್ಮನೆ ಹುಡುಗನ ಫೋಟೊ ಹಾಕಿ ಅದೇ ಸಾಲು ಬರೆದರೆ ಎಷ್ಟು ಹೊತ್ತು ಉಳಿಯುತ್ತದೆ ಅಂತ ಒಮ್ಮೆ ಪರೀಕ್ಷೆ ಮಾಡಬೇಕು. ನಾನು ಮಾಡುವುದಿಲ್ಲ, ನನಗೆ ಸಂಸಾರ ಇದೆ.

2022 ಅಂತೂ ಭಾರಿ ಮಜದ ವರ್ಷ. ಫೆಬ್ರವರಿ 5ಕ್ಕೆ ಸಮವಸ್ತ್ರದ ಆದೇಶ ಬಂತು, ಹಿಜಾಬು ಗೇಟಿನಾಚೆಗೆ ಹೋಯಿತು. ಆಗಸ್ಟಿಗೆ ಗಣೇಶನ ಹಬ್ಬ. ಆಗ ಶಿಕ್ಷಣ ಸಚಿವರು ನಮ್ಮ ತುಮಕೂರು ಜಿಲ್ಲೆಯ ತಿಪಟೂರಿನವರೇ. ಶಾಲೆಯಲ್ಲಿ ಗಣೇಶನನ್ನು ಕೂರಿಸಲು ಅಡ್ಡಿಯಿಲ್ಲ ಅಂದರು. ಅಂದರೆ ಹುಡುಗಿ ತಾನಾಗಿ ತಲೆ ಮೇಲೆ ಹಾಕಿಕೊಂಡು ಬಂದದ್ದು ಶಿಸ್ತಿಗೆ ಭಂಗ, ಶಾಲೆಯೇ ತಂದು ಎಲ್ಲರ ಮುಂದೆ ಕೂರಿಸಿದ್ದು ಸಂಭ್ರಮ. ನಾನು ಹಬ್ಬದ ವಿರೋಧಿ ಅಲ್ಲ, ಕಡುಬು ಬಿಟ್ಟವನೂ ಅಲ್ಲ. ಇನ್ನೊಂದು ಕಡೆಯವರಿಗೂ ಏಟು ಬೀಳದೆ ಇರಲಿಲ್ಲ, 2025ರ ಏಪ್ರಿಲಿನಲ್ಲಿ ಸಿಇಟಿ ಬರೆಯಲು ಹೋದ ಹುಡುಗರಿಗೆ ಜನಿವಾರ ತೆಗೆಯಲು ಹೇಳಿದ ಪ್ರಕರಣ ಶಿವಮೊಗ್ಗ, ಬೀದರಿನಿಂದ ಸುದ್ದಿಯಾಯಿತು. ದಾರದಲ್ಲಿ ಕಾಪಿ ಚೀಟಿ ಹೇಗೆ ಬರೆಯುತ್ತಾರೋ ಆ ಅಧಿಕಾರಿಗಳೇ ಹೇಳಬೇಕು. ಒಟ್ಟಿನಲ್ಲಿ ನೋಡಿ, ಮಗು ಮನೆಯಿಂದ ತಂದುಕೊಂಡ ನಂಬಿಕೆಗೆ ಗೇಟಿನಲ್ಲಿ ತಪಾಸಣೆ, ದೊಡ್ಡವರು ಒಳಗೆ ತಂದಿಟ್ಟದ್ದಕ್ಕೆ ಹೂವಿನ ಹಾರ.

ಪ್ರಗತಿಪರರ ಸರ್ಕಾರ ಬಂದಾಗ ಸರಿಹೋಯಿತು ಅಂದುಕೊಂಡಿರಾ? 2024ರ ಫೆಬ್ರವರಿಯಲ್ಲಿ ವಸತಿ ಶಾಲೆಗಳ ಬಾಗಿಲಿನ ಬರಹ ಬದಲಾಯಿತು. "ಜ್ಞಾನ ದೇಗುಲವಿದು, ಕೈಮುಗಿದು ಒಳಗೆ ಬಾ" ಅಂತ ಇದ್ದದ್ದು "ಜ್ಞಾನ ದೇಗುಲವಿದು, ಧೈರ್ಯವಾಗಿ ಪ್ರಶ್ನಿಸಿ" ಅಂತ ಆಯಿತು. ಸದನದಲ್ಲಿ ಗದ್ದಲವೋ ಗದ್ದಲ. ಮಕ್ಕಳು ಧೈರ್ಯವಾಗಿ ಪ್ರಶ್ನಿಸಬೇಕು ಅನ್ನುವ ಆ ತೀರ್ಮಾನ ತೆಗೆದುಕೊಳ್ಳುವಾಗ ಯಾವ ಮಗುವನ್ನಾದರೂ ಪ್ರಶ್ನಿಸಿದ್ದರಾ ಅಂತ ಯಾರೂ ಧೈರ್ಯವಾಗಿ ಪ್ರಶ್ನಿಸಲಿಲ್ಲ. ಪೇಂಟರ್‌ಗೆ ಕೆಲಸ ಸಿಕ್ಕಿತು.

ನಿಜ ಹೇಳಬೇಕೆಂದರೆ ಬಹಳ ಮಕ್ಕಳಿಗೆ ಇದೆಲ್ಲ ತಲೆಬಿಸಿಯೇ ಅಲ್ಲ. ಅವರ ಧರ್ಮಸಂಕಟವೆಲ್ಲ ಪೊಂಗಲ್ಲಿನಲ್ಲಿ ದ್ರಾಕ್ಷಿ ಗೋಡಂಬಿ ಯಾರ ಪಾಲಿಗೆ ಬಂತು ಅನ್ನುವುದರಲ್ಲಿ ಮುಗಿಯುತ್ತದೆ. ಮಾವಿನ ತೋರಣ ಕಟ್ಟಲು ಮರ ಹತ್ತುವವನು ಭಾಯಿಯ ಮಗನೇ ಆಗಿರುತ್ತಾನೆ, ಅವನಷ್ಟು ಚೆನ್ನಾಗಿ ಮರ ಹತ್ತುವವರು ಆ ಶಾಲೆಯಲ್ಲಿ ಇನ್ನೊಬ್ಬರಿಲ್ಲ. ತೊಂದರೆ ಇರುವುದು ಕೈ ಮುಗಿಯಲು ಮನಸ್ಸಿಲ್ಲದ ಆ ಒಂದು ಮಗುವಿಗೆ. ಅದಕ್ಕೆ ಮನೆಯಲ್ಲಿ ಬೇರೆ ಹೇಳಿಕೊಟ್ಟಿದ್ದಾರೆ. ಸಾಲಿನಲ್ಲಿ ಕೈ ಇಳಿಬಿಟ್ಟು ನಿಂತರೆ ನಲವತ್ತು ಜೊತೆ ಕಣ್ಣು ಅದರ ಮೇಲೆ. ಮುಗಿದರೆ ಮನೆಯಲ್ಲಿ ತಪ್ಪು, ಮುಗಿಯದಿದ್ದರೆ ಇಲ್ಲಿ ತಪ್ಪು. ಮೇಡಂ ಒಳ್ಳೆಯವರೇ, "ಪರ್ವಾಗಿಲ್ಲ ಪುಟ್ಟ, ಸುಮ್ನೆ ಮುಗಿ, ಏನಾಗಲ್ಲ" ಅನ್ನುತ್ತಾರೆ. ಏನಾಗಲ್ಲ ಅಂತ ತೀರ್ಮಾನಿಸಲು ಅವರು ಯಾರು, ಆ ಮಗುವಿಗೆ ಏನೋ ಆಗುತ್ತಿದೆಯಲ್ಲ?

ಕೇರಳದಲ್ಲಿ ಇಂಥ ಮೂರು ಮಕ್ಕಳು ಇದ್ದರು. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ತೀರ್ಪಿನಲ್ಲಿ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ರಾಷ್ಟ್ರಗೀತೆಗೇ ಸುಮ್ಮನೆ ನಿಲ್ಲುವ ಅವಕಾಶ ಇರುವಾಗ ಶಾರದಾ ಪೂಜೆಗೆ ಇಲ್ಲ ಅನ್ನುವವರು ಸುಪ್ರೀಂ ಕೋರ್ಟಿಗಿಂತ ದೊಡ್ಡವರು, ಅವರಿಗೆ ನಮಸ್ಕಾರ.

"ಹಾಗಾದರೆ ಸಿದ್ಧಗಂಗಾ ಮಠದಲ್ಲಿ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ತುಮಕೂರಿನ ಆ ಮಠದಲ್ಲಿ ಎಲ್ಲ ಜಾತಿ ಧರ್ಮದ ಸುಮಾರು 10,000 ಮಕ್ಕಳು ಉಂಡು, ಓದಿ ಬೆಳೆಯುತ್ತಾರೆ. ಸಾಮೂಹಿಕ ಪ್ರಾರ್ಥನೆಗೂ ಕೂರುತ್ತಾರೆ. ಆದರೆ ಅಲ್ಲಿಗೆ ಮಗುವನ್ನು ಸೇರಿಸಲು ಬರುವ ಅಪ್ಪ ಅಮ್ಮ ಅದು ಮಠ ಅಂತ ಗೊತ್ತಿದ್ದೇ, ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. 2019ರಲ್ಲಿ 111ನೇ ವಯಸ್ಸಿನಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿ ನಾವು ಸರ್ಕಾರಿ ಶಾಲೆ ನಡೆಸುತ್ತಿದ್ದೇವೆ ಅಂತ ಯಾರಿಗೂ ಹೇಳಿರಲಿಲ್ಲ. ಸರ್ಕಾರಿ ಶಾಲೆಗೆ ಮಗುವನ್ನು ಕಳಿಸುವವರು ಅದು ಮನೆ ಹತ್ತಿರ ಇದೆ, ಫೀಸಿಲ್ಲ ಅಂತ ಕಳಿಸುತ್ತಾರೆ. ಅದರ ಜೊತೆ ದೇವರು ಉಚಿತ ಅಂತ ಬೋರ್ಡಿನಲ್ಲಿ ಬರೆದಿರಲಿಲ್ಲ.

ಆದ್ದರಿಂದ ನನ್ನದೊಂದು ಮನವಿ. ಮೊಟ್ಟೆಯ ಪಟ್ಟಿಯನ್ನೇ ದೇವರಿಗೂ ವಿಸ್ತರಿಸಿ. ಒಂದು ಹಾಳೆ, ನಾಲ್ಕು ಕಾಲಂ. ಪೂಜೆಗೆ ಕೈ ಮುಗಿಯುವವರು. ಸುಮ್ಮನೆ ನಿಂತು ನೋಡುವವರು. ಆ ಹೊತ್ತು ಗ್ರಂಥಾಲಯದಲ್ಲಿ ಕೂರುವವರು (ಗ್ರಂಥಾಲಯ ಅಂದರೆ ಬೀರು, ಕೀಲಿ ಹೆಡ್‌ಮೇಷ್ಟ್ರ ಹತ್ತಿರ ಇರುತ್ತದೆ). ಪ್ರಸಾದ ಮಾತ್ರ ಸಾಕು ಅನ್ನುವವರು. ಕೊನೆಯ ಕಾಲಂ ಭರ್ತಿಯಾಗಿ ಹಿಂದಿನ ಪುಟಕ್ಕೂ ಹೋಗುತ್ತದೆ ಅಂತ ನನಗೆ ಗೊತ್ತು. ಇಫ್ತಾರಿನ ಸಮೋಸಕ್ಕೂ ಕ್ರಿಸ್‌ಮಸ್ ಕೇಕಿಗೂ ಇದೇ ಹಾಳೆ ನಡೆಯುತ್ತದೆ, ಹೊಸದು ಬೇಡ. ಮನೆಗೆ ಕಳಿಸಿ, ಅಮ್ಮನೋ ಅಪ್ಪನೋ ಯಾರ ಮುಖವನ್ನೂ ನೋಡದೆ ಟಿಕ್ ಹಾಕಿ ವಾಪಸ್ ಕಳಿಸಲಿ. ಇಲಾಖೆ ಇದನ್ನು ಒಪ್ಪಿದರೆ ಏನಾಗುತ್ತದೆ ಅಂತಲೂ ಗೊತ್ತು: ಮಾರನೇ ದಿನ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯಿಂದ ಮೆಸೇಜು, "11 ಗಂಟೆಯೊಳಗೆ ದೈವವಾರು ಅಂಕಿಅಂಶ ಅಪ್‌ಲೋಡ್ ಮಾಡುವುದು, ತಪ್ಪಿದಲ್ಲಿ ನೋಟಿಸ್".

ಈ ಐಡಿಯಾವನ್ನು ಪರಿಚಯದ ಮೇಷ್ಟ್ರೊಬ್ಬರ ಮುಂದೆ ಇಟ್ಟೆ. ಪೂರ್ತಿ ಕೇಳಿದರು, ತಲೆ ಆಡಿಸಿದರು, ಇದು ಆಗಬೇಕಾದ್ದೇ ಸಾರ್ ಅಂದರು.

"ಆದರೆ ಇಷ್ಟು ಝೆರಾಕ್ಸಿಗೆ ದುಡ್ಡು ಎಲ್ಲಿಂದ ತರೋದು?"

ನನಗೆ ಉತ್ತರ ಹೊಳೆಯಲಿಲ್ಲ. ಅವರಿಗೇ ಹೊಳೆಯಿತು. "ಚಿಂತೆ ಇಲ್ಲ ಬಿಡಿ, ಶಾರದಾ ಪೂಜೆಗೆ ಅಂತ ತಲೆಗೆ 20 ರೂಪಾಯಿ ಎಲ್ಲ ಮಕ್ಕಳ ಹತ್ರಾನೂ ಎತ್ತಿದೀವಲ್ಲ, ಅದರಲ್ಲೇ ಹಾಕ್ಕೊಳ್ಳೋಣ."